ಈರುಳ್ಳಿಯ ಪೊರೆ, ರೇಷ್ಮೆಯ ಎಳೆ

ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಯೇವಲಾ ಪಟ್ಟಣವು ಪೈಠಣಿ ಸೀರೆಗೂ ಈರುಳ್ಳಿಯ ಮಾರುಕಟ್ಟೆಗೂ ಹೆಸರಾಗಿದೆ. ಸೂಕ್ಷ್ಮದರ್ಶಕದ ಪಾಠಕ್ಕೆ ಇವೆರಡಕ್ಕಿಂತ ಉತ್ತಮವಾದ ಸಾಮಗ್ರಿ ಅಪರೂಪ.

ಈರುಳ್ಳಿಯ ಎಸಳಿನ ಒಳಮೈಯಿಂದ ತೆಳುವಾದ ಪೊರೆಯನ್ನು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಒಂದು ಹನಿ ಅಯೋಡಿನ್ ದ್ರಾವಣವನ್ನು ಹಾಕಬೇಕು. ಮುಚ್ಚುವ ತೆಳುಗಾಜನ್ನು ಓರೆಯಾಗಿ ಇಳಿಸಬೇಕು. ಇಲ್ಲವಾದರೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನೇ ವಿದ್ಯಾರ್ಥಿಗಳು ಜೀವಕೋಶಗಳೆಂದು ಭ್ರಮಿಸುವುದುಂಟು. 100 ಪಟ್ಟು ಹಿಗ್ಗಿಸಿದಾಗ ಇಟ್ಟಿಗೆಯ ಗೋಡೆಯಂತೆ ಜೋಡಿಸಿದ ಕೋಶಗಳೂ ಅವುಗಳೊಳಗಿನ ಕೋಶಕೇಂದ್ರಗಳೂ ಕಾಣುತ್ತವೆ. 1665ರಲ್ಲಿ ಪ್ರಕಟವಾದ ಗ್ರಂಥದಲ್ಲಿ ರಾಬರ್ಟ್ ಹುಕ್ ಬೆಂಡಿನ ಬರಿದಾದ ಕೋಣೆಗಳನ್ನು ವರ್ಣಿಸಿದ್ದರು.

ಇನ್ನು ಸೀರೆಯ ನೂಲು. ಹತ್ತಿಯ ನಾರು ತಿರುಚಿದ ಪಟ್ಟಿಯಂತೆ ತೋರುತ್ತದೆ. ಹಸಿ ರೇಷ್ಮೆಯಲ್ಲಿ ಎರಡು ತಂತುಗಳು ಸೆರಿಸಿನ್ ಎಂಬ ಅಂಟಿನಿಂದ ಕೂಡಿರುತ್ತವೆ. ಅಂಟನ್ನು ಕುದಿಸಿ ತೆಗೆದ ಮೇಲೆ ತಂತುಗಳು ಬೇರ್ಪಟ್ಟು ನುಣುಪಾಗುತ್ತವೆ. ಅವುಗಳ ಅಡ್ಡಸೀಳು ಸುಮಾರಾಗಿ ತ್ರಿಕೋನಾಕಾರವಾಗಿರುವುದೂ ರೇಷ್ಮೆಯ ಹೊಳಪಿಗೆ ಕಾರಣ.

ಪೈಠಣಿಯ ಹೆಸರಿನಲ್ಲಿ ಕೃತಕ ನೂಲಿನ ಸೀರೆಗಳೂ ಮಾರಾಟವಾಗುತ್ತವೆ. ಕೊಳ್ಳುವವರ ಹಣವೂ ಕೈಮಗ್ಗದ ನೇಕಾರರ ದುಡಿಮೆಯೂ ಇದರಿಂದ ನಷ್ಟಕ್ಕೀಡಾಗುತ್ತವೆ. ಆದರೆ ಪಾಲಿಯೆಸ್ಟರ್ ಎಳೆಯೂ ನುಣುಪಾದ ಕಡ್ಡಿಯಂತೆಯೇ ಕಾಣುವುದರಿಂದ, ಶಾಲೆಯ ಸೂಕ್ಷ್ಮದರ್ಶಕವೊಂದನ್ನೇ ನಂಬಿ ತೀರ್ಮಾನಿಸುವುದು ಉಚಿತವಲ್ಲ. ಶಿಕ್ಷಕರ ಸಮ್ಮುಖದಲ್ಲಿ ಒಂದೆರಡು ಎಳೆಗಳನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬೇಕು. ರೇಷ್ಮೆಯು ಕೂದಲು ಸುಟ್ಟ ವಾಸನೆಯನ್ನು ಬೀರಿ, ಬೆರಳಿಗೆ ಪುಡಿಯಾಗುವ ಬೂದಿಯನ್ನು ಉಳಿಸುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿಯಾದ ಮಣಿಯಾಗುತ್ತದೆ.