ಕೇಳುವವನೇ ಶ್ರಾವಕ: ಮಕ್ಕಳಿಗೆ ಕೇಳಿಸಿಕೊಳ್ಳುವುದನ್ನೂ ಮೆಚ್ಚುವುದನ್ನೂ ಕಲಿಸುವ ಬಗೆ

ದಶಲಕ್ಷಣ ಪರ್ವದ ಒಂದು ಸಂಜೆ. ಬಸದಿಯ ಸಭಾಮಂಟಪದಲ್ಲಿ ಪ್ರವಚನ ನಡೆದಿದೆ. ಮುಂದಿನ ಸಾಲಿನಲ್ಲಿ ಹಿರಿಯರು, ನಡುವೆ ಮಹಿಳೆಯರು, ಹಿಂದೆ ಗೋಡೆಗೆ ಒರಗಿಕೊಂಡು ಕಾಲೇಜು ಓದುವ ಹುಡುಗರು. ಹುಡುಗರ ಕೈಯಲ್ಲಿ ಮೊಬೈಲ್. ಪ್ರವಚನ ಮುಗಿದ ಮೇಲೆ ಸಮಿತಿಯ ಹಿರಿಯರೊಬ್ಬರು ಮೈಕ್ ಹಿಡಿದು, ಇಂದಿನ ಮಕ್ಕಳಿಗೆ ಕೇಳುವ ತಾಳ್ಮೆಯೇ ಇಲ್ಲ ಎಂದು ಹತ್ತು ನಿಮಿಷ ಬುದ್ಧಿ ಹೇಳುತ್ತಾರೆ. ಅದೇ ಹತ್ತು ನಿಮಿಷ ಮುಂದಿನ ಸಾಲಿನಲ್ಲಿ ಇಬ್ಬರು ಮರುದಿನದ ಊಟದ ಲೆಕ್ಕ ಮಾತನಾಡುತ್ತಿರುತ್ತಾರೆ. ಹಿಂದೆ ಕುಳಿತ ಹುಡುಗರು ಅದನ್ನೂ ನೋಡುತ್ತಿರುತ್ತಾರೆ.

ಇದು ಯಾವುದೋ ಒಂದೇ ಊರಿನ ದೃಶ್ಯವಲ್ಲ. ಮುಂದಿನ ವರ್ಷ ಆ ಹುಡುಗರಲ್ಲಿ ಕೆಲವರು ಬರುವುದಿಲ್ಲ. ಓದು, ನೌಕರಿ ಎಂದು ಬೆಂಗಳೂರಿಗೋ ಪುಣೆಗೋ ಹೋದವರು ಹಬ್ಬಕ್ಕೆ ಊರಿಗೆ ಬಂದರೂ ಬಸದಿಯ ಹೊಸ್ತಿಲಲ್ಲೇ ಕೈ ಮುಗಿದು ಹಿಂದಿರುಗುತ್ತಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ, ರಾಜ್ಯದ ಜನಸಂಖ್ಯೆಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಇಷ್ಟು ಸಣ್ಣ ಸಮಾಜದಲ್ಲಿ ನಾಲ್ಕು ಹುಡುಗರು ದೂರವಾದರೆ ಅದು ಸಣ್ಣ ಲೆಕ್ಕವಲ್ಲ. ಅವರು ದೂರವಾಗುವುದು ಧರ್ಮದ ಮೇಲಿನ ದ್ವೇಷದಿಂದಲ್ಲ. ತಮ್ಮ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ, ತಾವು ಮಾಡಿದ್ದನ್ನು ಯಾರೂ ಗಮನಿಸುವುದಿಲ್ಲ ಎಂಬ ಭಾವನೆಯೇ ಅನೇಕರಲ್ಲಿ ಕಾರಣವಾಗಿರುತ್ತದೆ.

ಜೈನ ಗೃಹಸ್ಥನಿಗೆ ಇರುವ ಹೆಸರು ಶ್ರಾವಕ. 'ಶ್ರು' ಎಂದರೆ ಕೇಳು. ಗುರುಗಳ ಉಪದೇಶವನ್ನು ಕೇಳುವವನು ಶ್ರಾವಕ, ಕೇಳುವವಳು ಶ್ರಾವಿಕೆ. ಶ್ರದ್ಧೆ, ವಿವೇಕ, ಕ್ರಿಯೆ ಎಂದು ಆ ಪದದ ಅಕ್ಷರಗಳನ್ನು ಬಿಡಿಸಿ ಹೇಳುವ ರೂಢಿಯೂ ಇದೆ. ಆದರೆ ಮೂಲದ ಅರ್ಥ ಕೇಳುವುದೇ. ದಾನ ಮಾಡುವವನು, ಪೂಜೆ ಮಾಡಿಸುವವನು ಎಂದು ಹೆಸರಿಡದೆ ಕೇಳುವವನು ಎಂದು ಹೆಸರಿಟ್ಟ ಹಿರಿಯರು ಯೋಚಿಸಿಯೇ ಇಟ್ಟಿರಬೇಕು. ಶಾಸ್ತ್ರಕ್ಕೂ 'ಶ್ರುತ', ಅಂದರೆ ಕೇಳಿದ್ದು, ಎಂದೇ ಹೆಸರು.

ಕೇಳುವವನಿಲ್ಲದಿದ್ದರೆ ಹೇಳುವವರಿಗೂ ಬೆಲೆ ಇಲ್ಲ ಎಂಬುದಕ್ಕೆ ಮಹಾವೀರ ಸ್ವಾಮಿಯ ಚರಿತ್ರೆಯಲ್ಲೇ ಸಾಕ್ಷಿಯಿದೆ. ದಿಗಂಬರ ಪರಂಪರೆಯ ಪ್ರಕಾರ ಸ್ವಾಮಿಗೆ ಕೇವಲಜ್ಞಾನವಾದ ಮೇಲೆ 66 ದಿನ ದಿವ್ಯಧ್ವನಿ ಹೊರಡಲಿಲ್ಲ. ಅದನ್ನು ಗ್ರಹಿಸಬಲ್ಲ ಗಣಧರರು ಇನ್ನೂ ಬಂದಿರಲಿಲ್ಲ. ಇಂದ್ರಭೂತಿ ಗೌತಮ ಬಂದ ಮೇಲೆ, ರಾಜಗೃಹದ ವಿಪುಲಾಚಲದಲ್ಲಿ ಶ್ರಾವಣ ಕೃಷ್ಣ ಪ್ರತಿಪದೆಯಂದು ಉಪದೇಶ ಮೊದಲಾಯಿತು. ಆ ದಿನವೇ ವೀರಶಾಸನ ಜಯಂತಿ. ಗೌತಮರು ಬಂದದ್ದು ತಲೆಬಾಗಿಕೊಂಡಲ್ಲ. ಪಾಂಡಿತ್ಯದ ಅಹಂಕಾರ ಹೊತ್ತು, ವಾದಕ್ಕೆ ನಿಲ್ಲುವ ಉತ್ಸಾಹದಲ್ಲಿ ಬಂದವರು. ಮಾನಸ್ತಂಭವನ್ನು ಕಂಡಾಗ ಆ ಅಹಂಕಾರ ಕರಗಿತು ಎನ್ನುತ್ತದೆ ಕಥೆ. ಅಂಥವರೇ ಮೊದಲ ಗಣಧರರಾದರು.

ಅದೇ ಸಭೆಯಲ್ಲಿ ಮಗಧದ ರಾಜ ಶ್ರೇಣಿಕನಿದ್ದ. ಅವನು 60,000 ಪ್ರಶ್ನೆ ಕೇಳಿದನೆಂಬ ಪ್ರತೀತಿ ಇದೆ. ಜೈನ ಪುರಾಣಗಳಲ್ಲಿ ಬಹಳಷ್ಟು ಶುರುವಾಗುವುದೇ ಶ್ರೇಣಿಕ ಕೇಳಿದ, ಗೌತಮರು ಹೇಳಿದರು ಎಂದು. ಸ್ವಾಧ್ಯಾಯದ ಐದು ಬಗೆಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರ ವಾಚನೆಯ ಮರುಕ್ಷಣವೇ ಪೃಚ್ಛನೆಯನ್ನು, ಅಂದರೆ ಪ್ರಶ್ನೆ ಕೇಳುವುದನ್ನು, ಇಡುತ್ತದೆ. ಓದಿದ ಮೇಲೆ ಕೇಳಬೇಕು. ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಲ್ಲ ಆಮೇಲೆ.

ಈಗ ಪಾಠಶಾಲೆಯ ಕಡೆ ನೋಡಿದರೆ ಏನು ನಡೆಯುತ್ತದೆ? ಹತ್ತು ವರ್ಷದ ಹುಡುಗಿ, ಆಲೂಗಡ್ಡೆ ಏಕೆ ತಿನ್ನಬಾರದು, ಪಕ್ಕದ ಮನೆಯ ಜೈನರು ತಿನ್ನುತ್ತಾರಲ್ಲ ಎಂದು ಕೇಳುತ್ತಾಳೆ. ಕಲಿಸುವವರು ತಬ್ಬಿಬ್ಬಾಗಿ, ದೊಡ್ಡವರಿಗೆ ಎದುರಾಡಬಾರದು ಎಂದುಬಿಡುತ್ತಾರೆ. ಹುಡುಗಿ ಎದುರಾಡಿರಲಿಲ್ಲ, ಪೃಚ್ಛನೆ ಮಾಡಿದ್ದಳು. ಮತ್ತೆ ಅವಳು ಕೇಳುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಪಾಠವನ್ನೂ ಕೇಳಿಸಿಕೊಳ್ಳುವುದಿಲ್ಲ. ಆ ಹೊತ್ತಿಗೆ ಉತ್ತರ ಗೊತ್ತಿರದಿದ್ದರೆ, 'ಒಳ್ಳೆಯ ಪ್ರಶ್ನೆ ಮಗಾ, ಮುನಿಗಳನ್ನು ಕೇಳಿ ಮುಂದಿನ ಭಾನುವಾರ ಹೇಳುತ್ತೇನೆ' ಎಂದರೆ ಸಾಕು. ಭಾನುವಾರ ನೆನಪಿಟ್ಟುಕೊಂಡು ಹೇಳಬೇಕು, ಅಷ್ಟೇ.

ಮಕ್ಕಳು ಪ್ರವಚನ ಕೇಳುವುದಿಲ್ಲ ಎಂಬ ದೂರಿನಲ್ಲಿ ಇನ್ನೊಂದು ಅಂಶ ಮರೆತುಹೋಗುತ್ತದೆ. ಉತ್ತರದಿಂದ ವಿಹಾರ ಮಾಡಿಕೊಂಡು ಬರುವ ಅನೇಕ ತ್ಯಾಗಿಗಳ ಪ್ರವಚನ ಹಿಂದಿಯಲ್ಲಿ. ಪೂಜೆ ಸಂಸ್ಕೃತದಲ್ಲಿ, ಗಾಥೆಗಳು ಪ್ರಾಕೃತದಲ್ಲಿ. ಕಾರ್ಕಳದ ಹುಡುಗ ಮನೆಯಲ್ಲಿ ತುಳು, ಹೊರಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡಿಕೊಂಡಿರುತ್ತಾನೆ. ಬೆಳಗಾವಿ ಕಡೆಯ ಮಕ್ಕಳಿಗೆ ಹಿಂದಿ ಸ್ವಲ್ಪ ತಿಳಿದೀತು, ತಿಪಟೂರಿನ ಕಡೆಯ ಮಕ್ಕಳಿಗೆ ಅಷ್ಟು ತಿಳಿಯದು. ಅರ್ಥವಾಗದ ಮಾತಿನ ಮುಂದೆ ಒಂದು ಗಂಟೆ ಸುಮ್ಮನೆ ಕುಳಿತುಕೊಳ್ಳುವುದು ದೊಡ್ಡವರಿಗೂ ಕಷ್ಟವೇ. ಸಮವಸರಣದಲ್ಲಿ ಹನ್ನೆರಡು ಕೋಷ್ಠಗಳಲ್ಲಿ ಕುಳಿತವರಿಗೆಲ್ಲ, ಪ್ರಾಣಿಗಳಿಗೆ ಕೂಡ, ದಿವ್ಯಧ್ವನಿ ಅವರವರ ಭಾಷೆಯಲ್ಲೇ ಕೇಳಿಸಿತು ಎಂದು ಶಾಸ್ತ್ರ ಹೇಳುತ್ತದೆ. ಅದನ್ನು ಓದಿದ ಸಮಿತಿಗಳು ಪ್ರವಚನದ ಕೊನೆಗೆ ಐದು ನಿಮಿಷ ಕನ್ನಡದಲ್ಲಿ ಸಾರಾಂಶ ಹೇಳಿಸುವ ಏರ್ಪಾಡು ಮಾಡಬಹುದು. ಆ ಕೆಲಸವನ್ನು ಹಿಂದಿ ಬಲ್ಲ ಕಾಲೇಜು ಹುಡುಗಿಗೋ ಹುಡುಗನಿಗೋ ವಹಿಸಿದರೆ, ಕಡೆಯ ಪಕ್ಷ ಒಬ್ಬರಂತೂ ಮೊದಲಿನಿಂದ ಕೊನೆಯವರೆಗೆ ಕಿವಿಗೊಟ್ಟು ಕೇಳುತ್ತಾರೆ. ಹೇಳುವ ಹೊಣೆ ಬಿದ್ದವರಷ್ಟು ಚೆನ್ನಾಗಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹಳೆಯ ಕಿರಾಣಿ ಅಂಗಡಿಗಳಲ್ಲಿ ಹುಡುಗರನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸುವ ಮೊದಲು ಒಂದು ಅಭ್ಯಾಸ ಮಾಡಿಸುತ್ತಿದ್ದರು. ಗಿರಾಕಿ ಸಾಮಾನು ಹೇಳುವಾಗ ನಡುವೆ ಬಾಯಿ ಹಾಕಬಾರದು. ಹೇಳಿ ಮುಗಿದ ಮೇಲೆ, 'ತೊಗರಿಬೇಳೆ ಎರಡು ಕಿಲೋ, ಬೆಲ್ಲ ಅರ್ಧ, ಜೀರಿಗೆ ನೂರು ಗ್ರಾಂ, ಸರಿಯಾ ಅಮ್ಮ?' ಎಂದು ತಿರುಗಿ ಒಪ್ಪಿಸಬೇಕು. ಆಮೇಲೆಯೇ ತಕ್ಕಡಿ. ತಪ್ಪು ಕೇಳಿಸಿಕೊಂಡು ಕಟ್ಟಿದ ಪೊಟ್ಟಣವನ್ನು ಬಿಚ್ಚಬೇಕಾದಾಗ ಯಜಮಾನರು ಬೈಯುತ್ತಿರಲಿಲ್ಲ, ಇನ್ನೊಮ್ಮೆ ಕಟ್ಟಿಸುತ್ತಿದ್ದರು. ಇಂದು ಅಂಗಡಿಗೆ ಬರುವ ಮಕ್ಕಳು ಕಡಿಮೆ. ಆದರೆ ಈ ತಿರುಗಿ ಹೇಳುವ ಅಭ್ಯಾಸವನ್ನು ಮನೆಯಲ್ಲೂ ಪಾಠಶಾಲೆಯಲ್ಲೂ ಮಾಡಿಸಬಹುದು. ಒಬ್ಬ ಹುಡುಗ ಎರಡು ನಿಮಿಷ ತನ್ನ ವಿಷಯ ಹೇಳಲಿ, ಪಕ್ಕದವನು ಅದನ್ನೇ ಹೇಳಲಿ, ಮೊದಲಿನವನು ಒಪ್ಪಿದರೆ ಮಾತ್ರ ಮುಂದಿನವರ ಸರದಿ. ಹತ್ತು ಮಕ್ಕಳಿದ್ದರೆ ಅರ್ಧ ಗಂಟೆ ನಗುವಿನಲ್ಲಿ ಕಳೆಯುತ್ತದೆ.

ಈ ಪರೀಕ್ಷೆ ಹೊಸದೇನಲ್ಲ. ಗಿರನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮ ಆಯುಷ್ಯ ಮುಗಿಯುತ್ತ ಬಂದಾಗ, ತಮ್ಮೊಂದಿಗೆ ಶ್ರುತವೂ ಲುಪ್ತವಾದೀತೆಂಬ ಚಿಂತೆಯಿಂದ ದಕ್ಷಿಣಾಪಥದ ಮುನಿಸಂಘಕ್ಕೆ ಪತ್ರ ಬರೆದರು. ಬಂದ ಇಬ್ಬರು ತರುಣ ಮುನಿಗಳೇ ಮುಂದೆ ಪುಷ್ಪದಂತ, ಭೂತಬಲಿ ಎಂದು ಹೆಸರಾದವರು. ಆಚಾರ್ಯರು ಅವರಿಗೆ ಕೂಡಲೇ ಪಾಠ ಹೇಳಲಿಲ್ಲ. ಒಬ್ಬರಿಗೆ ಒಂದಕ್ಷರ ಹೆಚ್ಚಿದ್ದ ಮಂತ್ರ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಿದ್ದ ಮಂತ್ರ ಕೊಟ್ಟು ಸಾಧಿಸಿ ಬನ್ನಿ ಎಂದರು. ಒಬ್ಬರಿಗೆ ಹಲ್ಲು ಹೊರಚಾಚಿದ ದೇವತೆ, ಇನ್ನೊಬ್ಬರಿಗೆ ಒಂದೇ ಕಣ್ಣಿನ ದೇವತೆ ಕಾಣಿಸಿಕೊಂಡಳು. ದೇವತೆಗಳ ರೂಪ ಹೀಗಿರಲಾರದು, ಮಂತ್ರದಲ್ಲೇ ದೋಷವಿದೆ ಎಂದು ಅರಿತು ಇಬ್ಬರೂ ತಮ್ಮ ತಮ್ಮ ಮಂತ್ರವನ್ನು ತಿದ್ದಿಕೊಂಡರು, ಗುರುಗಳಿಗೆ ನಡೆದದ್ದನ್ನು ವಿನಯದಿಂದ ಅರಿಕೆ ಮಾಡಿದರು. ಗುರುಗಳಿಗೆ ಬೇಕಾಗಿದ್ದದ್ದು ಇದೇ. ಕೊಟ್ಟದ್ದನ್ನು ಹಾಗೆಯೇ ಒಪ್ಪಿಸುವ ಗಿಳಿಗಳಲ್ಲ, ಒಂದಕ್ಷರದ ವ್ಯತ್ಯಾಸವನ್ನೂ ಗಮನಿಸುವ ಕಿವಿಗಳು. ಗಮನಿಸಿಯೂ ಗುರುವನ್ನು ಹಂಗಿಸದ ನಾಲಿಗೆ.

ಅವರಿಂದ ಷಟ್ಖಂಡಾಗಮ ಬಂತು. ಅದರ ಧವಲಾ ಟೀಕೆಯ ತಾಳೆಗರಿಗಳು ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ಬನವಾಸಿಯ ಕಡೆಗೆ, ಬಂದು ಮೊದಲ ಭಾಗವನ್ನು ರಚಿಸಿ ಶಿಷ್ಯ ಜಿನಪಾಲಿತರ ಕೈಯಲ್ಲಿ ಭೂತಬಲಿಗಳಿಗೆ ಕಳುಹಿಸಿದರು. ಪುಷ್ಪದಂತರ ಆಯುಷ್ಯ ಕಡಿಮೆ ಇದೆ ಎಂದು ತಿಳಿದು ಭೂತಬಲಿಗಳು ಉಳಿದದ್ದನ್ನು ರಚಿಸಿ ಮುಗಿಸಿದರು. ಮುಗಿದ ಗ್ರಂಥವನ್ನು ಅದೇ ಜಿನಪಾಲಿತರ ಕೈಯಲ್ಲಿ ಪುಷ್ಪದಂತರಿಗೆ ಕಳುಹಿಸಿದರೆಂದೂ, ಅದನ್ನು ಕಂಡು ಅವರು ಆನಂದದಿಂದ ಶ್ರುತಪೂಜೆ ಮಾಡಿದರೆಂದೂ ಪರಂಪರೆ ಹೇಳುತ್ತದೆ. ತಾನು ಆರಂಭಿಸಿದ್ದನ್ನು ಇನ್ನೊಬ್ಬರು ಮುಗಿಸಿದಾಗ ಹೊಟ್ಟೆಕಿಚ್ಚು ಬರುವುದು ಲೋಕದ ರೀತಿ. ಇಲ್ಲಿ ಬಂದದ್ದು ಹರ್ಷ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಮಕ್ಕಳಿಂದ ಗ್ರಂಥಗಳ ಧೂಳು ಒರೆಸಿ ಹೊಸ ಬಟ್ಟೆ ಸುತ್ತಿಸುವಾಗ ಈ ಕಥೆಯನ್ನೂ ಹೇಳಿದರೆ ಆ ಬಟ್ಟೆಗೊಂದು ಅರ್ಥ ಬರುತ್ತದೆ.

ಆ ಹರ್ಷಕ್ಕೆ ಶಾಸ್ತ್ರದಲ್ಲಿ ಪ್ರಮೋದ ಎಂದು ಹೆಸರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನಾಲ್ಕು ಭಾವನೆಗಳನ್ನು ಹೇಳುತ್ತದೆ: ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣದಲ್ಲಿ ಹೆಚ್ಚಿನವರನ್ನು ಕಂಡಾಗ ಪ್ರಮೋದ, ನೊಂದವರಲ್ಲಿ ಕಾರುಣ್ಯ, ಹೇಳಿದರೂ ಕೇಳದವರಲ್ಲಿ ಮಾಧ್ಯಸ್ಥ್ಯ. ಮೈತ್ರಿ, ಕರುಣೆಯ ಮಾತು ಎಲ್ಲ ಸಭೆಗಳಲ್ಲೂ ಬರುತ್ತದೆ. ಪ್ರಮೋದದ ಮಾತು ಕಡಿಮೆ. ಅದೇ ಗ್ರಂಥದ ಆರನೆಯ ಅಧ್ಯಾಯ ಇನ್ನೂ ಖಾರವಾಗಿದೆ. ಪರರ ನಿಂದೆ, ತನ್ನ ಪ್ರಶಂಸೆ, ಪರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಸಾರುವುದು, ಇವು ನೀಚಗೋತ್ರದ ಆಸ್ರವಕ್ಕೆ ಕಾರಣ ಎನ್ನುತ್ತದೆ. ಸಮ್ಮಾನ ಸಮಾರಂಭಗಳ ಫ್ಲೆಕ್ಸ್ ಬರೆಸುವ ಮುನ್ನ ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮೆಚ್ಚುಗೆಯನ್ನು ಮನೆಗಳಲ್ಲಿ ಹೆಚ್ಚಾಗಿ ತಪ್ಪು ರೀತಿಯಲ್ಲಿ ಬಳಸಲಾಗುತ್ತಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ, 'ಚಿಕ್ಕಪ್ಪನ ಮಗಳನ್ನು ನೋಡು, ತೊಂಬತ್ತೈದು' ಎನ್ನುತ್ತಾರೆ. ಇದರಿಂದ ಆ ಹುಡುಗಿಗೆ ಮೆಚ್ಚುಗೆ ತಲುಪುವುದಿಲ್ಲ, ಈ ಹುಡುಗನಿಗೆ ಪೆಟ್ಟು ತಲುಪುತ್ತದೆ. ತಂಗಿಯ ಗುಣ ಕಂಡು ಹರ್ಷಪಡಬೇಕಾದವನು ಅವಳ ಹೆಸರು ಕೇಳಿದರೆ ಮುಖ ತಿರುಗಿಸುತ್ತಾನೆ. ಪ್ರಮೋದದ ಬೀಜವನ್ನು ಹೀಗೆ ಮನೆಯಲ್ಲೇ ಹುರಿದು ಹಾಕಿದ ಮೇಲೆ ಮೊಳಕೆ ಬರಲಿಲ್ಲ ಎಂದರೆ ಹೇಗೆ? ಬರೀ 'ಶಹಬ್ಬಾಸ್' ಕೂಡ ಬಹಳ ದಿನ ಬಾಳುವುದಿಲ್ಲ. 'ಅಜ್ಜಿ ಮೆಟ್ಟಿಲು ಇಳಿಯುವಾಗ ಯಾರೂ ಹೇಳದೆ ಕೈ ಕೊಟ್ಟೆಯಲ್ಲ, ನೋಡಿದೆ' ಎಂದರೆ ಮಗು ಮರೆಯುವುದಿಲ್ಲ. ಏನು ಮಾಡಿದ, ಅದರಿಂದ ಯಾರಿಗೆ ಅನುಕೂಲವಾಯಿತು ಎಂಬುದನ್ನು ಹೆಸರಿಸಿ ಹೇಳಬೇಕು. ಮಕ್ಕಳಿಂದಲೂ ಹೇಳಿಸಬೇಕು. ಅಭಿಷೇಕ ಮುಗಿದು ಗಂಧೋದಕ ತೆಗೆದುಕೊಂಡು ಹೊರಡುವಾಗ, ನಸುಕಿನಲ್ಲೇ ಬಾವಿಯ ನೀರು ಸೇದಿ ಸೋಸಿ ತಂದವರು ಯಾರು, ಅಂಗಳ ಗುಡಿಸಿದವರು ಯಾರು ಎಂದು ಮಕ್ಕಳನ್ನು ಕೇಳಿದರೆ ಬಹಳ ಸಲ ಉತ್ತರ ಬರುವುದಿಲ್ಲ. ತಂದೆ ತಾಯಿಗೂ ಗೊತ್ತಿರುವುದಿಲ್ಲ.

ಶಿಷ್ಟಾಚಾರದ ವಿಷಯದಲ್ಲಿ ಹೊಸದಾಗಿ ಪಟ್ಟಿ ಮಾಡಬೇಕಾದ್ದಿಲ್ಲ. ಮುನಿಗಳಿಗೆ ನಮೋಸ್ತು, ಆರ್ಯಿಕೆಯರಿಗೆ ವಂದಾಮಿ, ಐಲಕ ಕ್ಷುಲ್ಲಕರಿಗೆ ಇಚ್ಛಾಮಿ, ಸಾಧರ್ಮಿಗಳಿಗೆ ಜೈ ಜಿನೇಂದ್ರ ಎಂಬುದು ಮಕ್ಕಳಿಗೆ ಬೇಗ ಬಾಯಿಗೆ ಬರುತ್ತದೆ. ಬಾಯಿಗೆ ಬಂದದ್ದು ಮನಸ್ಸಿಗೆ ಇಳಿಯುವ ಜಾಗ ಬೇರೆ ಇದೆ. ಅದು ಆಹಾರದಾನದ ಚೌಕ.

ಮುನಿಗಳು ದಿನಕ್ಕೊಮ್ಮೆ, ನಿಂತುಕೊಂಡು, ಎರಡೂ ಕೈ ಕೂಡಿಸಿದ ಅಂಜಲಿಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಆ ಹೊತ್ತಿನಲ್ಲಿ ಮೌನ. ಬೇಕು ಎನ್ನುವುದಿಲ್ಲ, ರುಚಿ ಹೇಳುವುದಿಲ್ಲ. ಬೇಡವಾದರೆ ಬೆರಳಿನ ಸಣ್ಣ ಸನ್ನೆ. ಕೊಡುವವರು ಮೈಯೆಲ್ಲ ಕಣ್ಣಾಗಿ ನಿಲ್ಲಬೇಕು. ತುತ್ತು ದೊಡ್ಡದಾಯಿತೇ, ನೀರು ಬಿಸಿಯಾಯಿತೇ, ಕೂದಲೆಳೆ ಏನಾದರೂ ಇದೆಯೇ ಎಂದು ನೋಡುತ್ತಿರಬೇಕು. ಅಜಾಗರೂಕತೆಯಿಂದ ಅಂತರಾಯವಾದರೆ ಮುನಿಗಳು ಅಲ್ಲಿಗೇ ನಿಲ್ಲಿಸುತ್ತಾರೆ, ಮರುದಿನದವರೆಗೆ ನೀರೂ ಇಲ್ಲ. ಪ್ರತಿಗ್ರಹದಿಂದ ಆಹಾರಶುದ್ಧಿಯವರೆಗಿನ ನವಧಾ ಭಕ್ತಿಯನ್ನು ಪುಸ್ತಕದಲ್ಲಿ ಓದಿದ ಮಗುವಿಗಿಂತ, ಒಂದು ಬೆಳಿಗ್ಗೆ ಚೌಕದಲ್ಲಿ ಸೋಸಿದ ನೀರಿನ ಚೊಂಬು ಹಿಡಿದು ನಿಂತ ಮಗು ಹೆಚ್ಚು ಕಲಿಯುತ್ತದೆ. ಆಡದ ಮಾತನ್ನೂ ಕೇಳಿಸಿಕೊಳ್ಳಬೇಕು ಎಂಬುದನ್ನು ಇನ್ನಾವ ತರಗತಿಯಲ್ಲೂ ಹೀಗೆ ಕಲಿಸಲಾಗದು. ಆದರೆ ಅನೇಕ ಮನೆಗಳಲ್ಲಿ ಆ ಹೊತ್ತು ಮಕ್ಕಳನ್ನು 'ಅಡ್ಡ ಬರಬೇಡ' ಎಂದು ಹೊರಗೆ ಕಳುಹಿಸಲಾಗುತ್ತದೆ, ಫೋಟೋ ತೆಗೆಯುವವರಿಗೆ ಜಾಗ ಸಿಗುತ್ತದೆ.

ಅದೇ ಎಚ್ಚರ ಮನೆಯ ಊಟಕ್ಕೂ ಬರಬೇಕು. ಬಡಿಸುವ ಅಜ್ಜಿಯ ಕಡೆ ನೋಡದೆ ಮೊಬೈಲಿನಲ್ಲಿ ಕಣ್ಣಿಟ್ಟು ಕೈ ಅಡ್ಡ ಹಿಡಿಯುವುದು ಮಕ್ಕಳು ಎಲ್ಲಿಂದಲೋ ಕಲಿತದ್ದಲ್ಲ. ಎದುರಿಗೆ ಕುಳಿತ ಅಪ್ಪ ಗಿರಾಕಿಯ ಫೋನಿನಲ್ಲಿ ಮಾತನಾಡುತ್ತ ಹಾಗೆಯೇ ಮಾಡುತ್ತಿರುತ್ತಾರೆ. ಚಾತುರ್ಮಾಸದ ನಾಲ್ಕು ತಿಂಗಳು ಊಟದ ಹೊತ್ತಿಗೆ ಎಲ್ಲರ ಫೋನೂ ಕಪಾಟಿನಲ್ಲಿ ಎಂದು ಮನೆಯವರೆಲ್ಲ ಸೇರಿ ನಿಯಮ ತೆಗೆದುಕೊಳ್ಳಬಹುದು. ಸೂರ್ಯಾಸ್ತಕ್ಕೆ ಮೊದಲು ಊಟ ಮಾಡುವ ಮನೆಗಳಿಗೆ ನಿಯಮ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ.

ಪರ್ವ ಮುಗಿದು ಕ್ಷಮಾವಾಣಿ ಬರುತ್ತದೆ, ಶ್ವೇತಾಂಬರ ಬಂಧುಗಳಲ್ಲಿ ಸಂವತ್ಸರಿ. ಆ ದಿನ ಕೈಮುಗಿದ ಒಂದೇ ಚಿತ್ರ ಇನ್ನೂರು ಜನರಿಗೆ ಹೋಗುತ್ತದೆ, ಇನ್ನೂರು ಚಿತ್ರ ಬರುತ್ತದೆ. ಯಾರನ್ನು ಯಾವ ತಪ್ಪಿಗೆ ಕ್ಷಮೆ ಕೇಳಿದ್ದೆಂದು ಕೇಳಿದವರಿಗೂ ಗೊತ್ತಿರುವುದಿಲ್ಲ. ಚಿಕ್ಕವರು ದೊಡ್ಡವರ ಕಾಲಿಗೆ ಬಿದ್ದರೆ ಮುಗಿಯಿತು ಎಂಬ ರೂಢಿ. ಕ್ಷಮೆಗೆ ವಯಸ್ಸಿನ ಕಟ್ಟಳೆ ಇಲ್ಲ. ತಂದೆಯೂ ಮಗನನ್ನು ಕೇಳಬಹುದು: 'ಮೊನ್ನೆ ನೀನು ಕಾಲೇಜಿನ ವಿಷಯ ಹೇಳಲು ಬಂದಾಗ ಪೂರ್ತಿ ಕೇಳದೆ ಗದರಿಬಿಟ್ಟೆ. ತಪ್ಪಾಯಿತು. ಈಗ ಹೇಳು.'

ಹುಡುಗ ಆ ಕ್ಷಣಕ್ಕೆ ಏನೂ ಹೇಳದಿರಬಹುದು. 'ಏನಿಲ್ಲ ಬಿಡಿ ಅಪ್ಪ' ಎಂದು ಎದ್ದು ಹೋಗಬಹುದು. ಎರಡು ದಿನ ಬಿಟ್ಟು, ಅಂಗಡಿ ಮುಚ್ಚಿ ಬಂದು ಅಪ್ಪ ಲೆಕ್ಕದ ಪುಸ್ತಕ ತೆರೆದಿರುವಾಗ ಬಾಗಿಲ ಬಳಿ ಬಂದು ನಿಂತಾನು. ಆಗ ಪುಸ್ತಕ ಮುಚ್ಚಿಟ್ಟು, ಪಕ್ಕದಲ್ಲಿ ಜಾಗ ಮಾಡಿಕೊಡಬೇಕು.