ಟಚ್‌ಪ್ಯಾಡ್ ಕೆಲಸ ಮಾಡುತ್ತಿಲ್ಲವೇ? ಮೊದಲು ಸೆಟ್ಟಿಂಗ್ಸ್ ನೋಡಿ

ಎಷ್ಟು ಬೆರಳಾಡಿಸಿದರೂ ಕರ್ಸರ್ ಕದಲದಿದ್ದರೆ ಲ್ಯಾಪ್‌ಟಾಪ್ ಎತ್ತಿಕೊಂಡು ರಿಪೇರಿ ಅಂಗಡಿಗೆ ಓಡಬೇಡಿ. ಎಷ್ಟೋ ಸಲ ಟಚ್‌ಪ್ಯಾಡ್ ಕೆಟ್ಟಿರುವುದಿಲ್ಲ, ಆಫ್ ಆಗಿರುತ್ತದೆ ಅಷ್ಟೆ. ಅದನ್ನು ಪತ್ತೆ ಮಾಡಲು ಕೀಬೋರ್ಡ್ ಒಂದಿದ್ದರೆ ಸಾಕು. ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ಏನೇನು ನೋಡಬೇಕು ಎಂಬುದು ಇಲ್ಲಿದೆ.

ಮೊದಲು ರೀಸ್ಟಾರ್ಟ್

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಆಮೇಲೆ ಯು, ನಂತರ ಆರ್ ಒತ್ತಿದರೆ ರೀಸ್ಟಾರ್ಟ್ ಆಗುತ್ತದೆ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಇದಕ್ಕೆ ಸಮವಲ್ಲ. ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಆನ್ ಇದ್ದರೆ ಶಟ್‌ಡೌನ್ ವೇಳೆ ವಿಂಡೋಸ್ ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ. ಡ್ರೈವರ್‌ಗಳೆಲ್ಲ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ.

ಮೇಲಿನ ಸಾಲಿನ ಕೀ

ಎಫ್1ರಿಂದ ಎಫ್12ರವರೆಗಿನ ಕೀಗಳಲ್ಲಿ ಯಾವುದರ ಮೇಲಾದರೂ ಟಚ್‌ಪ್ಯಾಡಿನ ಪುಟ್ಟ ಚಿತ್ರ ಇದೆಯೇ ನೋಡಿ. ಬ್ರೈಟ್‌ನೆಸ್ ಹೆಚ್ಚಿಸಲು ಹೋದ ಬೆರಳು ತಪ್ಪಿ ಅದರ ಮೇಲೆ ಬಿದ್ದರೂ ಟಚ್‌ಪ್ಯಾಡ್ ಆಫ್ ಆಗುತ್ತದೆ. ಅದನ್ನೇ ಇನ್ನೊಮ್ಮೆ ಒತ್ತಿ. ಆಗದಿದ್ದರೆ ಎಫ್‌ಎನ್ ಕೀ ಹಿಡಿದುಕೊಂಡು ಒತ್ತಿ. ಕೆಲವು ಹಳೆಯ ಎಚ್‌ಪಿ ಮಾದರಿಗಳಲ್ಲಿ ಟಚ್‌ಪ್ಯಾಡಿನ ಎಡ ಮೇಲ್ಮೂಲೆಯನ್ನು ಎರಡು ಬಾರಿ ತಟ್ಟಬೇಕು.

ಸೆಟ್ಟಿಂಗ್ಸ್ ಒಳಗೆ

ವಿಂಡೋಸ್ ಕೀ ಜೊತೆ ಐ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಬ್ಲೂಟೂತ್ ಅಂಡ್ ಡಿವೈಸಸ್ ವಿಭಾಗದಲ್ಲಿ ಟಚ್‌ಪ್ಯಾಡ್ ಆರಿಸಿ. ವಿಂಡೋಸ್ 10ರಲ್ಲಿ ಇದು ಡಿವೈಸಸ್ ಕೆಳಗಿದೆ. ಟ್ಯಾಬ್ ಮತ್ತು ಬಾಣದ ಕೀಗಳಿಂದ ಮುಂದಕ್ಕೆ ಹೋಗಿ, ಸ್ಪೇಸ್‌ಬಾರ್ ಒತ್ತಿ ಸ್ವಿಚ್ ಆನ್ ಮಾಡಿ.

ಅಲ್ಲೇ ‘ಲೀವ್ ಟಚ್‌ಪ್ಯಾಡ್ ಆನ್ ವೆನ್ ಎ ಮೌಸ್ ಈಸ್ ಕನೆಕ್ಟೆಡ್’ ಎಂಬ ಆಯ್ಕೆ ಇದೆ. ಅದಕ್ಕೆ ಟಿಕ್ ಇಲ್ಲದಿದ್ದರೆ ಮೌಸ್ ಸಿಕ್ಕಿಸಿದ ಕೂಡಲೇ ಟಚ್‌ಪ್ಯಾಡ್ ಆಫ್ ಆಗುತ್ತದೆ. ವೈರ್‌ಲೆಸ್ ಮೌಸ್ ಬ್ಯಾಗಿನೊಳಗಿದ್ದರೂ ಅದರ ಉಗುರಿನಷ್ಟು ಚಿಕ್ಕ ರಿಸೀವರ್ ಯುಎಸ್‌ಬಿ ಪೋರ್ಟಿನಲ್ಲೇ ಉಳಿದಿರಬಹುದು. ಅದು ಅಲ್ಲಿರುವಷ್ಟು ಹೊತ್ತೂ ಲ್ಯಾಪ್‌ಟಾಪ್ ಪಾಲಿಗೆ ಮೌಸ್ ಇದ್ದಂತೆಯೇ. ರಿಸೀವರ್ ತೆಗೆಯಿರಿ, ಇಲ್ಲವೇ ಟಿಕ್ ಹಾಕಿ.

ಟಚ್‌ಪ್ಯಾಡ್ ಒಮ್ಮೊಮ್ಮೆ ಮಾತ್ರ ಸುಮ್ಮನಾಗುತ್ತಿದ್ದರೆ ಸೆನ್ಸಿಟಿವಿಟಿ ನೋಡಿ. ಟೈಪ್ ಮಾಡುವಾಗ ಅಂಗೈ ತಗುಲಿ ಕರ್ಸರ್ ಹಾರದಿರಲೆಂದು ವಿಂಡೋಸ್ ಸ್ವಲ್ಪ ಹೊತ್ತು ಸ್ಪರ್ಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೀ ಒತ್ತಿ ಹಿಡಿದು ಗೇಮ್ ಆಡುವವರಿಗೆ ಇದು ಅಡ್ಡಿ. ಇರುವ ನಾಲ್ಕು ಹಂತಗಳಲ್ಲಿ ‘ಮೋಸ್ಟ್ ಸೆನ್ಸಿಟಿವ್’ ಆರಿಸಿ.

ಆಯ್ಕೆಯೇ ಕಾಣದಿದ್ದರೆ

ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ಹೆಸರೇ ಇಲ್ಲದಿದ್ದರೆ ವಿಂಡೋಸ್ ಅದನ್ನು ಗುರುತಿಸಿಲ್ಲ ಎಂದರ್ಥ. ವಿಂಡೋಸ್ ಮತ್ತು ಎಕ್ಸ್ ಒತ್ತಿ, ಆಮೇಲೆ ಎಂ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಅಥವಾ ಮೈಸ್ ಅಂಡ್ ಅದರ್ ಪಾಯಿಂಟಿಂಗ್ ಡಿವೈಸಸ್ ಕೆಳಗೆ ಹುಡುಕಿ. ಕೆಳಮುಖ ಬಾಣದ ಗುರುತಿದ್ದರೆ ಅದು ಆಫ್ ಆಗಿದೆ, ಎನೇಬಲ್ ಮಾಡಿ. ಹಳದಿ ಗುರುತಿದ್ದರೆ ತೊಂದರೆ ಇದೆ. ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ವಿಂಡೋಸ್ ಮತ್ತೆ ಡ್ರೈವರ್ ಹಾಕಿಕೊಳ್ಳುತ್ತದೆ. ಅಪ್‌ಡೇಟ್ ಆದ ಬೆನ್ನಿಗೇ ತೊಂದರೆ ಶುರುವಾಗಿದ್ದರೆ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಇಲ್ಲೂ ಅದರ ಸುಳಿವಿಲ್ಲದಿದ್ದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಶುರುವಾಗುವ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ಸ್‌ನಲ್ಲಿ, ಟಚ್‌ಪ್ಯಾಡ್ ಎನೇಬಲ್ ಆಗಿದೆಯೇ ನೋಡಿ.

ಸೆಟ್ಟಿಂಗ್ಸ್‌ಗೆ ಬಗ್ಗದ ತೊಂದರೆಗಳು

ಟಚ್‌ಪ್ಯಾಡ್ ಅಳೆಯುವುದು ಬೆರಳು ತಗುಲಿದಾಗ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಸಣ್ಣ ಬದಲಾವಣೆಯನ್ನು. ಹಾಗಾಗಿ ಒದ್ದೆ ಕೈ, ಎಣ್ಣೆಯ ಜಿಡ್ಡು ಅದರ ದಿಕ್ಕು ತಪ್ಪಿಸುತ್ತವೆ. ಲ್ಯಾಪ್‌ಟಾಪ್ ಆಫ್ ಮಾಡಿ ಮೆತ್ತನೆಯ ಬಟ್ಟೆಯಿಂದ ಒರೆಸಿ. ಚಾರ್ಜರ್ ಹಾಕಿದಾಗ ಮಾತ್ರ ಕರ್ಸರ್ ನಡುಗುತ್ತಿದ್ದರೆ ಸಾಕೆಟ್‌ನ ಅರ್ಥಿಂಗ್ ಅಥವಾ ಚಾರ್ಜರ್ ಮೇಲೆ ಅನುಮಾನಪಡಿ.

ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ಕ್ಲಿಕ್ ಮಾಡಲು ಒತ್ತಿದರೂ ಕೆಳಗಿಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ. ಅಡಿಯಲ್ಲಿರುವ ಬ್ಯಾಟರಿ ಊದಿಕೊಂಡಿರಬಹುದು. ಅದಕ್ಕೆ ಬೆಂಕಿ ಹತ್ತುವ ಅಪಾಯವಿದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಉಬ್ಬಿದ ಜಾಗವನ್ನು ಒತ್ತಬೇಡಿ. ಆಗ ಮಾತ್ರ ತಡಮಾಡದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.