ಹೊಸ ಮಂಡಿ, ಹಳೆಯ ಮನೆ

ಮಂಡಿ ಬದಲಿ ಶಸ್ತ್ರಚಿಕಿತ್ಸೆಯಲ್ಲಿ ಇಡೀ ಮಂಡಿಯನ್ನು ತೆಗೆದುಹಾಕುವುದಿಲ್ಲ. ತೊಡೆಮೂಳೆಯ ಕೆಳತುದಿಯಲ್ಲೂ ಕೆಳಗಾಲ ಮೂಳೆಯ ಮೇಲ್ತುದಿಯಲ್ಲೂ ಸವೆದ ಭಾಗವನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ಕೊಯ್ದು, ಅಲ್ಲಿ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. ಅಕ್ಕಪಕ್ಕದ ಕಟ್ಟುನಾರುಗಳು, ತೊಡೆಯ ಸ್ನಾಯು, ಚರ್ಮ ಎಲ್ಲವೂ ರೋಗಿಯದೇ. ಹೊಸ ಕೀಲನ್ನು ಆಡಿಸಬೇಕಾದದ್ದು ವರ್ಷಗಟ್ಟಲೆ ನೋವಿಗೆ ಹೆದರಿ ಸೊರಗಿಹೋದ ಆ ಹಳೆಯ ಸ್ನಾಯುಗಳೇ. ಒಂದೂವರೆ ಗಂಟೆಯಲ್ಲಿ ಮುಗಿಯುವ ಆಪರೇಷನ್ನಿಗೆ ತಿಂಗಳುಗಟ್ಟಲೆ ಚೇತರಿಕೆ ಏಕೆ ಬೇಕೆಂಬುದಕ್ಕೆ ಇಲ್ಲಿಯೇ ಉತ್ತರವಿದೆ.

ಇಂದು ಬಳಕೆಯಲ್ಲಿರುವ ಕೀಲುಗಳ ಮೂಲ ವಿನ್ಯಾಸ 1974ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ರೂಪುಗೊಂಡಿತು. ಶಸ್ತ್ರವೈದ್ಯ ಜಾನ್ ಇನ್ಸಾಲ್ ಅವರ ಜೊತೆ ಅದರಲ್ಲಿ ಕೈಜೋಡಿಸಿದವರಲ್ಲಿ ಭಾರತ ಮೂಲದ ಚಿತ್ತರಂಜನ್ ರಾನಾವತ್ ಒಬ್ಬರು. ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಮಂಡಿಗಳಿಗೆ 2000 ಮತ್ತು 2001ರಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರೂ ಅವರೇ. ಹಳ್ಳಿಯ ಜಗಲಿಗಳಲ್ಲಿ ಈ ಚಿಕಿತ್ಸೆಯ ಮಾತು ಬಂದದ್ದು ಬಹುಮಟ್ಟಿಗೆ ಆಮೇಲೆ. ಆದರೆ ಈ ಕೀಲು ಹುಟ್ಟಿದ್ದು ಕುರ್ಚಿಯ ಮೇಲೆ ಉಣ್ಣುವ, ಕಮೋಡಿನ ಮೇಲೆ ಕೂರುವ ಜನರ ನಡುವೆ. ಮೈಸೂರು ಜಿಲ್ಲೆಯ ಕೊಪ್ಪ, ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಕಡೆ ಅದು ಬಂದು ಸೇರುವುದು ನೆಲಕ್ಕೆ ಅಂಟಿಕೊಂಡ ಬದುಕಿಗೆ. ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುವುದು ನೆಲದಲ್ಲಿ ಕುಳಿತು. ಕೆ.ಆರ್. ನಗರದ ಗದ್ದೆಗಳಲ್ಲಿ ನಾಟಿ ಹಾಕುವುದು ಬಾಗಿ, ರಾಗಿಯ ಕಳೆ ಕೀಳುವುದು ಕುಕ್ಕರುಗಾಲಿನಲ್ಲಿ. ಮುದ್ದೆ ಉಣ್ಣುವುದು ಚಕ್ಕಳಮಕ್ಕಳ ಹಾಕಿ.

ಈ ಅಂತರವನ್ನು ಕೋನಗಳಲ್ಲಿ ಹೇಳಬಹುದು. ಸಮತಟ್ಟಿನ ಮೇಲೆ ನಡೆಯಲು ಮಂಡಿ ಸುಮಾರು 65ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 90ರ ಆಸುಪಾಸು, ಕುರ್ಚಿಯಿಂದ ಕೈ ಊರದೆ ಏಳಲು ಅದಕ್ಕಿಂತ ತುಸು ಹೆಚ್ಚು. ಕುಕ್ಕರುಗಾಲಿಗೆ 130 ದಾಟಬೇಕು. ಚೆನ್ನಾಗಿ ಚೇತರಿಸಿಕೊಂಡ ಹೊಸ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿಯವರೆಗೆ ಮಡಚುತ್ತದೆ. ಅಂದರೆ ಕುರ್ಚಿ, ಮೆಟ್ಟಿಲು, ನಡಿಗೆ ಎಲ್ಲವೂ ಕೈಗೆಟುಕುತ್ತವೆ, ನೆಲ ಮಾತ್ರ ಹೆಚ್ಚಿನವರಿಗೆ ಎಟುಕುವುದಿಲ್ಲ. ಹೆಚ್ಚು ಮಡಚುವಂತೆ ಮಾಡಿದ ‘ಹೈ ಫ್ಲೆಕ್ಸ್’ ಕೀಲುಗಳೂ ಮಾರುಕಟ್ಟೆಯಲ್ಲಿವೆ. ಸಾಧಾರಣ ಕೀಲಿನ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಆಪರೇಷನ್ನಿಗೆ ಮೊದಲು ಮಂಡಿ ಎಷ್ಟು ಮಡಚುತ್ತಿತ್ತು ಎಂಬುದೇ ಆಮೇಲೆ ಎಷ್ಟು ಮಡಚೀತು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಕಾಲು ಬಿಲ್ಲಿನಂತೆ ಬಾಗಿ, ಅರ್ಧಕ್ಕೇ ಬಿಗಿದುಕೊಳ್ಳುವವರೆಗೂ ತಡೆದುಕೊಂಡು ಬರುವವರಿಗೆ ಇದರಿಂದ ನಷ್ಟವೇ ಹೆಚ್ಚು.

ಶಸ್ತ್ರಚಿಕಿತ್ಸೆ ಮುಗಿದ ದಿನವೇ, ತಪ್ಪಿದರೆ ಮರುದಿನ, ರೋಗಿಯನ್ನು ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ನೋಡಲು ಬಂದ ನೆಂಟರಿಗೆ ಇದು ಕ್ರೂರವೆನಿಸುತ್ತದೆ. ಆದರೆ ಮಲಗಿದಷ್ಟೂ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ, ರಕ್ತ ತೆಳುವಾಗಿಸುವ ಔಷಧಿ, ಬೇಗ ನಡೆಸುವುದು ಇವೆಲ್ಲ ಅದನ್ನು ತಡೆಯಲಿಕ್ಕೆ. ತೊಡಕಿಲ್ಲದಿದ್ದರೆ ಮೂರರಿಂದ ಐದು ದಿನಗಳಲ್ಲಿ ಮನೆಗೆ, ಎರಡು ವಾರದ ಹೊತ್ತಿಗೆ ಹೊಲಿಗೆ ಬಿಚ್ಚುವುದು. ಮೂರು ನಾಲ್ಕು ವಾರ ವಾಕರ್, ಆಮೇಲೆ ಊರುಗೋಲು. ಆರು ವಾರಕ್ಕೆ ಹೆಚ್ಚಿನವರು ಮನೆಯೊಳಗೆ ಸರಾಗವಾಗಿ ಓಡಾಡುತ್ತಾರೆ.

ಮನೆಯಲ್ಲಿ ಆಗುವ ದೊಡ್ಡ ತಪ್ಪು ಬಾಣಂತಿಯನ್ನು ನೋಡಿಕೊಂಡಂತೆ ರೋಗಿಯನ್ನು ನೋಡಿಕೊಳ್ಳುವುದು. ಮಂಡಿಯ ಅಡಿಗೆ ಮೆತ್ತನೆಯ ದಿಂಬು ಕೊಟ್ಟರೆ ಹಾಯೆನಿಸುತ್ತದೆ, ಆದರೆ ಕಾಲು ಆ ಬಾಗಿನಲ್ಲೇ ಬಿಗಿದುಕೊಳ್ಳುತ್ತದೆ. ದಿಂಬು ಇರಬೇಕಾದದ್ದು ಹಿಮ್ಮಡಿಯ ಕೆಳಗೆ. ಕಾಲು ಪೂರ್ತಿ ನೆಟ್ಟಗಾಗದಿದ್ದರೆ ಎಷ್ಟೇ ಮಡಚಿದರೂ ಕುಂಟು ತಪ್ಪದು. ಮಡಚುವುದರ ಕಡೆಗೇ ಎಲ್ಲರ ಗಮನ ಹೋಗುವುದರಿಂದ ಈ ನೆಟ್ಟಗಾಗುವ ಮಾತು ಹಿಂದುಳಿಯುತ್ತದೆ. ತೊಡೆಯ ಮುಂಭಾಗದ ಸ್ನಾಯು ಮೊದಲ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳುವುದುಂಟು. ಅದನ್ನು ಬಿಗಿಹಿಡಿದು ಬಿಡುವುದು, ಕಾಲು ನೆಟ್ಟಗೆ ಎತ್ತುವುದು, ಮಂಚದ ಅಂಚಿನಲ್ಲಿ ಕುಳಿತು ಮಡಚುವುದು ದಿನಕ್ಕೆ ಹಲವು ಬಾರಿ ನಡೆಯಬೇಕು. ಎಣ್ಣೆ ಹಾಕಿ ನೀವಿಸುವುದು, ನಾಟಿ ಮೂಳೆ ಕಟ್ಟುವವರ ಬಳಿ ಎಳೆಸುವುದು ಹಸಿ ಗಾಯದ ಮೇಲೆ ನಡೆಯತಕ್ಕದ್ದಲ್ಲ.

ಊಟದ ವಿಷಯದಲ್ಲಿ ‘ನಂಜು’ ಅಡ್ಡ ಬರುತ್ತದೆ. ಗಾಯ ಕೀವಾದೀತೆಂದು ಬದನೆಕಾಯಿ, ಮೊಟ್ಟೆ, ಮಾಂಸ, ಕಾಳುಗಳನ್ನೆಲ್ಲ ನಿಲ್ಲಿಸಿ ಗಂಜಿ, ತಿಳಿಸಾರಿನಲ್ಲಿ ಇಡುವ ಮನೆಗಳಿವೆ. ಗಾಯ ಮಾಯುವುದಕ್ಕೂ ಸ್ನಾಯು ಕಟ್ಟುವುದಕ್ಕೂ ಬೇಕಾದ ಪ್ರೋಟೀನು ಇರುವುದೇ ನಿಲ್ಲಿಸಿದ ಆ ಮೊಟ್ಟೆ, ಮಾಂಸ, ಕಾಳುಗಳಲ್ಲಿ. ಹುರುಳಿ, ಅವರೆ, ಮೊಟ್ಟೆ, ಹಾಲು ತಟ್ಟೆಯಲ್ಲಿರಲಿ. ನಿಜವಾಗಿ ಗಾಯ ಕೆಡಿಸುವವು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ತಂಬಾಕು. ಬೀಡಿ, ಸಿಗರೇಟಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಗಾಯ ಮಾಯುವುದು ನಿಧಾನವಾಗುತ್ತದೆ, ಸೋಂಕು ಹೆಚ್ಚುತ್ತದೆ. ಆಪರೇಷನ್ನಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಬಿಡಬೇಕೆನ್ನುವುದು ಅದಕ್ಕೇ. ಹೊಗೆಸೊಪ್ಪೇ ಹೊಟ್ಟೆಪಾಡಾದ ಸೀಮೆಯಲ್ಲಿ ಈ ಮಾತು ಹೇಳುವುದು ವೈದ್ಯರಿಗೂ ಸುಲಭವಲ್ಲ.

ಹೆದರಬೇಕಾದ್ದು ಯಾವುದು, ಹೆದರಬೇಡದ್ದು ಯಾವುದು ಎಂಬುದು ಬಿಡುಗಡೆಯ ದಿನದ ಗಡಿಬಿಡಿಯಲ್ಲಿ ಸ್ಪಷ್ಟವಾಗುವುದಿಲ್ಲ. ಮಂಡಿ ಮೂರರಿಂದ ಆರು ತಿಂಗಳು ಊದಿಕೊಂಡು ಬೆಚ್ಚಗಿರುವುದು, ನಡೆಯುವಾಗ ‘ಟಕ್’ ಎನ್ನುವುದು, ಹೊಲಿಗೆಯ ಹೊರಬದಿಯಲ್ಲಿ ಚರ್ಮ ಮರಗಟ್ಟಿರುವುದು ಸಹಜ. ಮೊದಲ ವಾರಗಳಲ್ಲಿ ರಾತ್ರಿ ನಿದ್ದೆ ಕೆಡುವುದೂ ಸಾಮಾನ್ಯ, ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲವಾದ್ದರಿಂದ ಹಲವರು ಆಪರೇಷನ್ ಕೆಟ್ಟಿತೆಂದೇ ಕುಗ್ಗುತ್ತಾರೆ. ಗಾಯದಿಂದ ನೀರು ಅಥವಾ ಕೀವು ಸೋರುವುದು, ಚಳಿಜ್ವರ, ಮೀನಖಂಡದಲ್ಲಿ ಬಿಗಿತದ ನೋವು, ದಿಢೀರ್ ಉಸಿರಾಟದ ತೊಂದರೆ ಇವಕ್ಕೆ ಮಾತ್ರ ಮರುದಿನಕ್ಕೆ ಕಾಯಬಾರದು. ಆಳದ ಸೋಂಕು ನೂರರಲ್ಲಿ ಒಬ್ಬಿಬ್ಬರಿಗೆ ಆಗುವಂಥದ್ದು, ಆದರೆ ಆದಾಗ ಕೀಲನ್ನೇ ಬಿಚ್ಚಬೇಕಾದೀತು. ತಿಂಗಳ ನಂತರವೂ ಮಂಡಿ 90 ಡಿಗ್ರಿ ಮುಟ್ಟದೆ ಬಿಗಿದಿದ್ದರೆ ಸರ್ಜನ್ ಬಳಿಗೆ ಮರಳಿ ಹೋಗಬೇಕು. ಅರಿವಳಿಕೆ ಕೊಟ್ಟು ಮಡಚಿಸುವ ಉಪಾಯ ಮೊದಲ ಮೂರು ತಿಂಗಳಲ್ಲಿ ಮಾಡಿದಷ್ಟು ಫಲಕಾರಿಯಾಗಿ ಆಮೇಲೆ ಆಗುವುದಿಲ್ಲ.

ಕೊಪ್ಪದಿಂದ ಮೈಸೂರಿಗೆ ಎಂಬತ್ತು ಕಿಲೋಮೀಟರ್ ಆಸುಪಾಸು. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಹೋಗಿಬರುವುದು ಆಗದ ಮಾತು. ಸಮಾಧಾನದ ಸಂಗತಿಯೆಂದರೆ, ತೊಡಕಿಲ್ಲದ ರೋಗಿಗಳು ಸರಿಯಾಗಿ ಕಲಿತ ವ್ಯಾಯಾಮವನ್ನು ಮನೆಯಲ್ಲೇ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಚೇತರಿಸುತ್ತಾರೆಂದು ಅಧ್ಯಯನಗಳು ತೋರಿಸಿವೆ. ಕಲಿಯಬೇಕಾದದ್ದು ರೋಗಿಯ ಜೊತೆ ಮನೆಯಲ್ಲಿರುವ ಸೊಸೆಯೋ ಮೊಮ್ಮಗನೋ. ಬಸ್ಸು ಹತ್ತುವ ದಿನ ಬಂದಾಗ ಒಂದು ಸೂತ್ರ ನೆನಪಿರಬೇಕು: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಆಪರೇಷನ್ನಿಗೆ ಸಮಯ ಆರಿಸಿಕೊಳ್ಳುವುದೂ ಒಂದು ಲೆಕ್ಕ. ಹೊಗೆಸೊಪ್ಪಿನ ಮನೆಗಳಲ್ಲಿ ಬೇಸಿಗೆ ಕೊನೆಯಿಂದ ನಾಟಿ, ಮಳೆಗಾಲದಲ್ಲಿ ಎಲೆ ಮುರಿಯುವುದು, ಅದನ್ನು ಒಣಗಿಸಲು ಬ್ಯಾರನ್ ಉರಿಸುವುದು, ಆಮೇಲೆ ಹರಾಜು. ಈ ತಿಂಗಳುಗಳಲ್ಲಿ ರೋಗಿಯ ಬಳಿ ಕೂರಲು ಯಾರಿಗೂ ಬಿಡುವಿರುವುದಿಲ್ಲ, ಅಂಗಳವೂ ಕೆಸರು. ಜನವರಿ, ಫೆಬ್ರವರಿಯಲ್ಲಿ ಆಪರೇಷನ್ ಆದರೆ ಮಳೆ ಹಿಡಿಯುವ ಹೊತ್ತಿಗೆ ಕಾಲು ಗಟ್ಟಿಯಾಗಿರುತ್ತದೆ.

ಖರ್ಚಿನ ಮಾತು. ಕೇಂದ್ರದ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಂಡಿ ಕೀಲುಗಳಿಗೆ ಬೆಲೆಯ ಮಿತಿ ಹಾಕಿತು. ಅದುವರೆಗೆ ಲಕ್ಷ ದಾಟುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಕೀಲಿನ ಬೆಲೆಯೊಂದೇ ಇಳಿದದ್ದು, ಆಸ್ಪತ್ರೆಯ ಉಳಿದ ಶುಲ್ಕಗಳು ಅದರ ಹೊರಗಿವೆ. ಬಿಪಿಎಲ್ ಕಾರ್ಡಿನವರು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕುರಿತು ತಾಲ್ಲೂಕು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮುಂಗಡವಾಗಿ ವಿಚಾರಿಸುವುದು ಒಳ್ಳೆಯದು. ಖಾಸಗಿ ಆಸ್ಪತ್ರೆಗೆ ನೇರವಾಗಿ ಸೇರಿಬಿಟ್ಟ ಮೇಲೆ ಕಾರ್ಡು ತೋರಿಸಿದರೆ ಕೆಲಸಕ್ಕೆ ಬಾರದಿರಬಹುದು.

ಬದುಕಿನ ಗುಣಮಟ್ಟವನ್ನು ಅಳೆಯಲು ವೈದ್ಯರ ಬಳಿ ಪ್ರಶ್ನಾವಳಿಗಳಿವೆ. 1998ರ ಆಕ್ಸ್‌ಫರ್ಡ್ ಮಂಡಿ ಅಂಕಪಟ್ಟಿ ಹನ್ನೆರಡು ಪ್ರಶ್ನೆ ಕೇಳುತ್ತದೆ: ರಾತ್ರಿ ನೋವೇ, ಮೆಟ್ಟಿಲು ಇಳಿಯಬಲ್ಲಿರಾ, ಅಂಗಡಿಗೆ ಒಬ್ಬರೇ ಹೋಗಬಲ್ಲಿರಾ. ಇಂಥ ಅಳತೆಗಳಲ್ಲಿ ಐವರಲ್ಲಿ ನಾಲ್ವರು ತೃಪ್ತರು, ಮುಖ್ಯವಾಗಿ ನೋವು ಹೋದದ್ದಕ್ಕೆ. ಉಳಿದವರಲ್ಲಿ ಹಲವರ ಕೀಲಿನಲ್ಲಿ ದೋಷವಿರುವುದಿಲ್ಲ, ನಿರೀಕ್ಷೆಯೇ ಬೇರೆಯಿರುತ್ತದೆ. ನೆಲದ ಕಕ್ಕಸಿನಲ್ಲಿ ಕೂರಲಾಗದ ಹೆಂಗಸಿಗೆ ನೋವು ಹೋಗಿಯೂ ಮದುವೆ ಮನೆಗೆ ಹೋಗಲು ಅಂಜಿಕೆ. ಅಂಥವರಿಗೆ ಮತ್ತೊಂದು ಮಾತ್ರೆಗಿಂತ ಕಕ್ಕಸಿನ ಮೇಲಿಡುವ ಕಮೋಡ್ ಕುರ್ಚಿ, ಗೋಡೆಗೆ ಹಿಡಿಕೆ, ಬಚ್ಚಲಿಗೆ ಜಾರದ ಚಾಪೆ, ಎತ್ತರದ ಮಂಚ ಹೆಚ್ಚು ಉಪಕಾರಿ. ಇವನ್ನು ಆಪರೇಷನ್ನಿಗೆ ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ಪೂಜೆ, ಪ್ರಾರ್ಥನೆಯ ಪ್ರಶ್ನೆಯೂ ಹಿರಿಯರಿಗೆ ಸಣ್ಣದಲ್ಲ. ದೇವಸ್ಥಾನದಲ್ಲಿ ಸಾಷ್ಟಾಂಗ ಬೀಳುವವರಿಗೂ ನಮಾಜು ಮಾಡುವವರಿಗೂ, ಪಕ್ಕದ ಬೈಲಕುಪ್ಪೆಯ ಟಿಬೆಟನ್ ಶಿಬಿರಗಳಲ್ಲಿ ಮತ್ತೆ ಮತ್ತೆ ನೆಲಕ್ಕೆ ಮೈಚಾಚಿ ನಮಿಸುವ ಹಿರಿಯರಿಗೂ ಮಂಡಿಯೂರುವುದೇ ಕಷ್ಟ. ಮಂಡಿಯೂರಿದರೆ ಕೀಲು ಮುರಿಯುವುದಿಲ್ಲ, ಆದರೆ ಚಿಪ್ಪಿನ ಮುಂದಿನ ಚರ್ಮ ನೋಯುತ್ತದೆ. ಸರ್ಜನ್ ಒಪ್ಪಿದರೆ ದಪ್ಪ ದಿಂಬಿನ ಮೇಲೆ ರೂಢಿ ಮಾಡಿಕೊಂಡವರಿದ್ದಾರೆ, ಕುರ್ಚಿಯಲ್ಲಿ ಕುಳಿತೇ ತಲೆಬಾಗಿಸುವವರೂ ಇದ್ದಾರೆ.

ಕೀಲಿನ ಆಯಸ್ಸಿನ ಬಗ್ಗೆ ‘ಹತ್ತು ವರ್ಷ ಅಷ್ಟೇ’ ಎಂಬ ಹಳೆಯ ಮಾತು ಇನ್ನೂ ಓಡಾಡುತ್ತಿದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ, ಹೊರದೇಶಗಳ ನೋಂದಣಿ ದಾಖಲೆ ಆಧರಿಸಿದ ವಿಶ್ಲೇಷಣೆಯಂತೆ ನೂರರಲ್ಲಿ ಎಂಬತ್ತೆರಡು ಕೀಲುಗಳು ಇಪ್ಪತ್ತೈದು ವರ್ಷ ಬಾಳುತ್ತವೆ. ನಡಿಗೆ, ಸೈಕಲ್, ಹಟ್ಟಿಯ ಕೆಲಸ, ನಿಂತು ಮಾಡುವ ಅಡುಗೆಗೆ ಅಡ್ಡಿಯಿಲ್ಲ. ಮೂಟೆ ಹೊರುವುದು, ಹಾರುವುದು, ಗದ್ದೆಯ ಕೆಸರಿನಲ್ಲಿ ಕಾಲು ಹೂತು ತಿರುಚುವುದು ಮಾತ್ರ ಬೇಡ. ಹೊಗೆಸೊಪ್ಪು ಕಟ್ಟುವವರು ಎತ್ತರದ ಬೆಂಚಿನ ಮುಂದೆ ಸ್ಟೂಲು ಹಾಕಿಕೊಂಡು ಆ ಕೆಲಸವನ್ನು ಮುಂದುವರಿಸಬಹುದು.